ನಾಯಿ ತರಬೇತಿ ಶಿಬಿರಕ್ಕೆ ಮೊದಲ ಸಲ ಹೋಗುತ್ತೀರಾ? ಇಷ್ಟು ತಿಳಿದಿರಲಿ

ಕಕ್ಕಿಂಜೆ: ನಮ್ಮ ಕಡೆ ನಾಯಿ ಇಲ್ಲದ ತೋಟದ ಮನೆ ಕಡಿಮೆ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಗೆ ಕಾವಲು ಬೇಕು, ಮಂಗ ಓಡಿಸಬೇಕು, ರಾತ್ರಿ ಹಂದಿ ಬಂದರೆ ಬೊಗಳಬೇಕು. ಮರಿ ತರುತ್ತೇವೆ, ಚೈನ್ ಹಾಕಿ ಕಟ್ಟುತ್ತೇವೆ, ಹೊತ್ತಿಗೆ ಸರಿಯಾಗಿ ಅನ್ನ ಹಾಕುತ್ತೇವೆ. ಕಲಿಸುವುದು ಮಾತ್ರ ನೆನಪಾಗುವುದಿಲ್ಲ. ನನಗೂ ಆಗಿರಲಿಲ್ಲ.

ಒಂದು ಸಂಜೆ ನಮ್ಮ ನಾಯಿ ಗೇಟು ದಾಟಿ, ಶಾಲೆಯಿಂದ ಬರುತ್ತಿದ್ದ ಹುಡುಗನ ಸೈಕಲ್ ಹಿಂದೆ ಓಡಿತು. ಕಚ್ಚಲಿಲ್ಲ. ಆದರೆ ಹುಡುಗ ಹೆದರಿ ಚರಂಡಿಗೆ ಬಿದ್ದ, ಮೊಣಕೈ ತರಚಿತು. ನಾನು ಅಂಗಳದಲ್ಲಿ ನಿಂತು ಹತ್ತು ಸಲ ಕೂಗಿದರೂ ನಾಯಿ ತಿರುಗಿ ನೋಡಲಿಲ್ಲ. "ಇದೇ ಹೆದ್ದಾರಿಯಲ್ಲಿ ಆಗಿದ್ರೆ ಎಂತ ಮಾಡ್ತಿದ್ರಿ?" ಎಂದು ಅವನ ಅಮ್ಮ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ನಮ್ಮ ಪೇಟೆ ಇರುವುದೇ ಚಾರ್ಮಾಡಿ ಘಾಟಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ. ಆಮೇಲೆ ಮಂಗಳೂರಿನಲ್ಲಿ ನಡೆದ ಒಂದು ದಿನದ ತರಬೇತಿ ಶಿಬಿರಕ್ಕೆ ಹೆಸರು ಕೊಟ್ಟೆ. ಅಲ್ಲಿ ಕಲಿತದ್ದರಲ್ಲಿ ನಮ್ಮ ಊರಿಗೆ ಉಪಯೋಗ ಆಗುವಷ್ಟನ್ನು ಇಲ್ಲಿ ಬರೆದಿದ್ದೇನೆ.

ಹೋಗುವ ಮೊದಲು

ಇಂಥ ಶಿಬಿರಗಳಿಗೆ ಸಾಮಾನ್ಯವಾಗಿ ಎರಡು ರೀತಿಯಲ್ಲಿ ಸೇರಬಹುದು. ಒಂದು, ನಾಯಿಯೊಂದಿಗೆ. ಇನ್ನೊಂದು, ನಾಯಿ ಇಲ್ಲದೆ ಕುಳಿತು ನೋಡುವುದು. ಹೊಸಬರಿಗೆ ಎರಡನೆಯದು ಒಳ್ಳೆಯದು. ನಾಯಿ ಎಳೆದಾಡುವ ಗಡಿಬಿಡಿಯಲ್ಲಿ ಹೇಳಿದ್ದು ಅರ್ಧವೂ ತಲೆಗೆ ಹೋಗುವುದಿಲ್ಲ.

ನಾಯಿಯನ್ನು ಕರೆದುಕೊಂಡು ಹೋಗುವುದೇ ಆದರೆ ರೇಬೀಸ್ ಲಸಿಕೆಯ ಕಾರ್ಡು ಕೈಯಲ್ಲಿರಲಿ. ಮರಿಗೆ 3 ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ಪ್ರತಿ ವರ್ಷ ಹಾಕಿಸಬೇಕು. ಬೆದೆಗೆ ಬಂದ ಹೆಣ್ಣು ನಾಯಿಯನ್ನು ಕರೆದೊಯ್ಯಬೇಡಿ. ಐದಾರು ಅಡಿಯ ಗಟ್ಟಿ ಹಗ್ಗ ಅಥವಾ ಬೆಲ್ಟು, ನೀರಿಗೊಂದು ಬಟ್ಟಲು, ಬೇಯಿಸಿದ ಕೋಳಿಯ ಕಡಲೆ ಗಾತ್ರದ ತುಂಡುಗಳು ಸಾಕು. ಹೊಟ್ಟೆ ತುಂಬ ಉಣಿಸಿ ಕರೆದೊಯ್ದರೆ ಆ ತುಂಡಿಗೆ ಬೆಲೆಯೇ ಇರುವುದಿಲ್ಲ.

ಪಾಠ ಯಾರಿಗೆ?

ಶಿಬಿರದಲ್ಲಿ ಮೊದಲ ಒಂದು ಗಂಟೆ ನಾಯಿಯನ್ನು ಯಾರೂ ಮುಟ್ಟಲೇ ಇಲ್ಲ. ತರಬೇತುದಾರರು ನಮ್ಮನ್ನೇ ಒಬ್ಬೊಬ್ಬರನ್ನಾಗಿ ಕೇಳಿದರು: ಮನೆಯಲ್ಲಿ ನಾಯಿಯನ್ನು ಹೇಗೆ ಕರೆಯುತ್ತೀರಿ? ನನ್ನ ಉತ್ತರಕ್ಕೆ ನನಗೇ ನಗು ಬಂತು. ನಮ್ಮ ಮನೆಯಲ್ಲಿ ಅಮ್ಮ ತುಳುವಿನಲ್ಲಿ "ಬಲ" ಅನ್ನುತ್ತಾರೆ, ನಾನು "ಬಾ" ಅನ್ನುತ್ತೇನೆ, ಮಕ್ಕಳು "ಕಮ್ ಕಮ್" ಅನ್ನುತ್ತಾರೆ. ಕೂರಲಿಕ್ಕೆ ಒಬ್ಬರದ್ದು "ಕುಲ್ಲು", ಇನ್ನೊಬ್ಬರದ್ದು "ಸಿಟ್". ನಾಯಿಗೆ ಭಾಷೆ ಗೊತ್ತಿಲ್ಲ, ಶಬ್ದ ಮಾತ್ರ ಗೊತ್ತು. ತುಳು, ಬ್ಯಾರಿ, ಕನ್ನಡ, ಮಲಯಾಳಂ ಯಾವುದಾದರೂ ಆಗಬಹುದು, ಆದರೆ ಮನೆಯವರೆಲ್ಲ ಒಂದೇ ಶಬ್ದ ಬಳಸಬೇಕು.

ಎರಡನೆಯ ತಪ್ಪು ಇನ್ನೂ ದೊಡ್ಡದು. ಓಡಿಹೋದ ನಾಯಿ ಅರ್ಧ ಗಂಟೆ ಬಿಟ್ಟು ತಾನಾಗಿ ಬಂದಾಗ ನಾವು ಕೋಲು ಹಿಡಿಯುತ್ತೇವೆ. ಓಡಿದ್ದಕ್ಕೆ ಪೆಟ್ಟು ಬಿತ್ತು ಎಂದು ಅದಕ್ಕೆ ತಿಳಿಯುವುದಿಲ್ಲ. ಹತ್ತಿರ ಬಂದರೆ ಪೆಟ್ಟು ಎಂದೇ ಕಲಿಯುತ್ತದೆ. ಮತ್ತೆ ಕರೆದರೆ ಬರುತ್ತದಾ? ಬಹುಮಾನವೂ ಹಾಗೆಯೇ. ಹೇಳಿದ್ದು ಮಾಡಿದ ಒಂದೆರಡು ಸೆಕೆಂಡಿನೊಳಗೆ ತುಂಡು ಬಾಯಿಗೆ ಬೀಳಬೇಕು. ಕಿಸೆ ಹುಡುಕುತ್ತಾ ನಿಂತರೆ ಹೊತ್ತು ಮೀರುತ್ತದೆ.

ಪೊಲೀಸ್ ನಾಯಿಗಳ ಹಿಂದೆ ಇರುವುದೂ ಇದೇ ಕ್ರಮ. 2020ರಲ್ಲಿ ದಾವಣಗೆರೆ ಪೊಲೀಸರ 'ತುಂಗಾ' ಎಂಬ ಡಾಬರ್‌ಮನ್ ನಾಯಿ ಕೊಲೆ ಪ್ರಕರಣವೊಂದರಲ್ಲಿ ಸುಮಾರು 12 ಕಿ.ಮೀ. ಓಡಿ ಜಾಡು ಹಿಡಿದದ್ದು ಪೇಪರಿನಲ್ಲಿ ಬಂದಿತ್ತು. ಬೆಂಗಳೂರಿನ ಹೊರವಲಯದ ತರಳುವಿನಲ್ಲಿ ಸಿಆರ್‌ಪಿಎಫ್‌ನ ಶ್ವಾನ ತರಬೇತಿ ಶಾಲೆ ಉಂಟು. ಅಂಥ ಕಡೆ ನಾಯಿಯೊಂದಿಗೆ ಅದನ್ನು ಹಿಡಿಯುವ ಸಿಬ್ಬಂದಿಯೂ ಕಲಿಯುತ್ತಾರೆ. ನಾವಾದರೋ ನಾಯಿ ತಾನಾಗಿ ಬುದ್ಧಿ ಕಲಿಯಲಿ ಎಂದು ಕಾಯುತ್ತೇವೆ.

ಮನೆಯಲ್ಲಿ ಎಷ್ಟು ಹೊತ್ತು?

ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ 5 ನಿಮಿಷ. ಮೊದಲು ಅಂಗಳದಲ್ಲಿ, ಆಮೇಲೆ ಗೇಟಿನ ಹತ್ತಿರ, ಕೊನೆಗೆ ರಸ್ತೆ ಬದಿಯಲ್ಲಿ. ಹಗ್ಗ ಕೈಯಲ್ಲಿ ಇರಲೇಬೇಕು. ಅಂಗಳದಲ್ಲಿ ಕೇಳಿದ ನಾಯಿ ಪೇಟೆಯಲ್ಲಿ ಕೇಳದಿದ್ದರೆ ಅದು ಸೊಕ್ಕಲ್ಲ, ಅಲ್ಲಿ ಕಲಿಸಿಲ್ಲ ಅಷ್ಟೇ.

ಮರಿ ಇದ್ದರೆ 3ರಿಂದ 14 ವಾರದ ಅವಧಿ ಬಹಳ ಮುಖ್ಯ. ಆಗ ಕಂಡ ಜನ, ಮಕ್ಕಳು, ಕೊಡೆ, ಸೈಕಲ್, ಆಟೋರಿಕ್ಷಾ ಇವಕ್ಕೆ ಮುಂದೆ ಹೆದರುವುದು ಕಡಿಮೆ. ಲಸಿಕೆ ಪೂರ್ತಿ ಆಗುವವರೆಗೆ ಎತ್ತಿಕೊಂಡೇ ತೋರಿಸಬಹುದು. ಊರ ನಾಯಿ ಕಲಿಯುವುದಿಲ್ಲ ಅನ್ನುವುದು ಸುಳ್ಳು. ಶಿಬಿರದಲ್ಲಿ ಎಲ್ಲರಿಗಿಂತ ಬೇಗ ಕೂತದ್ದು ರಸ್ತೆ ಬದಿಯಿಂದ ತಂದು ಸಾಕಿದ ಒಂದು ಕಂದು ನಾಯಿ.

ಅಂಗಡಿಯವರೂ ಗಮನಿಸಿ

ಅಂಗಡಿ ಕಾಯಲು ನಾಯಿ ಸಾಕಿದವರೂ ಇದ್ದಾರೆ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯ ಆಗದ ಹಾಗೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ, ಅಥವಾ ಎರಡೂ ಆಗಬಹುದು. ಯಾರಿಗಾದರೂ ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಮೆಣಸು, ಸುಣ್ಣ ಹಚ್ಚಬೇಡಿ. ವೈದ್ಯರು ಹೇಳಿದ ಡೋಸ್ ಒಂದನ್ನೂ ಬಿಡಬೇಡಿ. ರೇಬೀಸ್ ಲಕ್ಷಣ ಕಂಡ ಮೇಲೆ ಉಳಿಸುವುದು ಹೆಚ್ಚುಕಡಿಮೆ ಅಸಾಧ್ಯ.

ಒಂದು ದಿನದ ಶಿಬಿರದಿಂದ ಎಲ್ಲ ಸರಿಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮಂಗ ಕಂಡರೆ ನಮ್ಮ ನಾಯಿ ಇವತ್ತಿಗೂ ಯಾರ ಮಾತೂ ಕೇಳುವುದಿಲ್ಲ. ಗೇಟಿಗೆ ಹೊಸ ಚಿಲಕ ಹಾಕಿಸಿದ್ದೇನೆ. ಆದರೆ ಸೈಕಲ್ ಕಂಡಾಗ "ಕುಲ್ಲು" ಎಂದರೆ ಈಗ ಕೂರುತ್ತದೆ. ಚರಂಡಿಗೆ ಬಿದ್ದ ಆ ಹುಡುಗನಿಗೂ ಶಬ್ದ ಗೊತ್ತು. ಸಂಜೆ ಗೇಟಿನ ಹೊರಗೆ ಸೈಕಲ್ ನಿಲ್ಲಿಸಿ ಅವನೇ ಹೇಳುತ್ತಾನೆ, ನಾಯಿ ಕೂತ ಮೇಲೆ ಮುಂದೆ ಹೋಗುತ್ತಾನೆ.