ಕೂಸು ಬಡವಾಗದಿರಲಿ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಆದರೆ ಎಲ್ಲ ಜಗಳಗಳೂ ಹಾಗೆ ಮುಗಿಯುವುದಿಲ್ಲ. ಕೆಲವು ಮರುದಿನವೂ ಎದ್ದು ಕೂತು, ಕೊನೆಗೆ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲು ಹತ್ತುತ್ತವೆ. ಆಗ ನೆನಪಾಗುವುದು ಇನ್ನೊಂದು ಗಾದೆ: ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಪಾತ್ರೆ ಪಡಗ, ಒಡವೆ, ಸೈಟು ಇವನ್ನೆಲ್ಲ ಪಾಲು ಮಾಡಬಹುದು. ಮಗುವನ್ನು ಪಾಲು ಮಾಡುವುದು ಹೇಗೆ?

‘ಐದು ವರ್ಷದವರೆಗೆ ಮಗು ತಾಯಿಗೆ, ಆಮೇಲೆ ತಂದೆಗೆ’ ಎಂದು ಬಹಳ ಜನ ತಿಳಿದಿದ್ದಾರೆ. ಇದು ಅರ್ಧ ಸತ್ಯ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಮಿನ ಪ್ರಕಾರ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಐದು ತುಂಬಿದ ಮಾರನೆಯ ದಿನ ಮಗುವನ್ನು ತಂದೆಗೆ ಒಪ್ಪಿಸಿ ಎಂದು ಅದು ಎಲ್ಲಿಯೂ ಹೇಳಿಲ್ಲ. ಅದೇ ಕಾಯ್ದೆಯ 13ನೇ ಕಲಮು ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ ಎನ್ನುತ್ತದೆ.

ಸಹಜ ಪಾಲಕ ತಂದೆ, ಅವನ ನಂತರ ತಾಯಿ ಎಂಬ ಮಾತೂ ಈ ಕಾಯ್ದೆಯಲ್ಲಿದೆ. ಲೇಖಕಿ ಗೀತಾ ಹರಿಹರನ್ ಅವರು ರಿಸರ್ವ್ ಬ್ಯಾಂಕಿನ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1999ರಲ್ಲಿ ಇದಕ್ಕೆ ಹೊಸ ಅರ್ಥ ಕೊಟ್ಟಿತು. ‘ನಂತರ’ ಎಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಅಲ್ಲ. ತಂದೆ ಮಗುವಿನ ಹೊಣೆ ಹೊರದಿದ್ದಾಗಲೂ ತಾಯಿಯೇ ಸಹಜ ಪಾಲಕಿ.

ನ್ಯಾಯಾಧೀಶರು ನೋಡುವುದೇನು?

ಎಲ್ಲ ಧರ್ಮದವರಿಗೂ ಅನ್ವಯಿಸುವ 1890ರ ಪಾಲಕರ ಮತ್ತು ಪಾಲ್ಯರ ಕಾಯ್ದೆ ಇದಕ್ಕೆ ದಾರಿ ತೋರಿಸುತ್ತದೆ. ಮಗುವಿನ ವಯಸ್ಸು, ಲಿಂಗ, ಧರ್ಮ, ಮಗುವನ್ನು ಕೇಳುವವರ ನಡತೆ ಮತ್ತು ಸಾಮರ್ಥ್ಯ ಇವನ್ನೆಲ್ಲ ತೂಗಿ ನೋಡಬೇಕು. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಪರಿಗಣಿಸಬಹುದು. ಇದಕ್ಕಾಗಿ ಮಗುವನ್ನು ಕಟಕಟೆಗೆ ಹತ್ತಿಸಬೇಕಾಗಿಲ್ಲ. ನ್ಯಾಯಾಧೀಶರು ತಮ್ಮ ಕೊಠಡಿಯಲ್ಲಿ ಕೂರಿಸಿಕೊಂಡು, ಶಾಲೆ, ಗೆಳೆಯರು, ತಿಂಡಿ ಎಂದು ಮಾತಿಗೆಳೆದು ಮನಸ್ಸನ್ನು ಅರಿಯುತ್ತಾರೆ. ಮಗು ಹೇಳಿದ್ದೇ ಕೊನೆಯ ಮಾತಲ್ಲ. ಜೊತೆಯಲ್ಲಿರುವವರು ಇನ್ನೊಬ್ಬರ ಬಗ್ಗೆ ಅದರ ಕಿವಿ ಊದಿರಬಹುದು ಎಂಬ ಎಚ್ಚರಿಕೆಯನ್ನು ಸುಪ್ರೀಂ ಕೋರ್ಟು 2017ರ ಒಂದು ತೀರ್ಪಿನಲ್ಲಿ ಕೊಟ್ಟಿದೆ.

ಹೆಚ್ಚು ಸಂಬಳ ಇರುವವರಿಗೆ ಮಗು ಎಂಬ ಲೆಕ್ಕವೂ ಇಲ್ಲ. ಕಡಿಮೆ ದುಡಿಯುವವರ ಬಳಿ ಮಗು ಬೆಳೆಯಬಹುದು, ಖರ್ಚಿನ ಹೊಣೆ ಇನ್ನೊಬ್ಬರ ಮೇಲೆ ಬೀಳಬಹುದು.

ಮಗು ಒಬ್ಬರ ಬಳಿ ಇದ್ದರೆ ಇನ್ನೊಬ್ಬರಿಗೆ ಭೇಟಿಯ ಹಕ್ಕಿರುತ್ತದೆ. ವಾರದ ಕೊನೆ, ಹಬ್ಬ, ಬೇಸಿಗೆ ರಜೆ ಇವನ್ನು ಆದೇಶದಲ್ಲೇ ಹಂಚಿಕೊಡುವುದುಂಟು. ದೂರದಲ್ಲಿರುವ ತಂದೆ ಅಥವಾ ತಾಯಿ ದಿನಕ್ಕೆ ಐದು-ಹತ್ತು ನಿಮಿಷವಾದರೂ ಮಗುವಿನೊಡನೆ ಮಾತನಾಡುವಂತಿರಬೇಕು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಕರ್ನಾಟಕ ಹೈಕೋರ್ಟು 2013ರಲ್ಲೇ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಒಂದು ಪ್ರಕರಣದಲ್ಲಿ ಮಗು ವರ್ಷದ ಮೊದಲ ಆರು ತಿಂಗಳು ತಂದೆಯ ಬಳಿ, ಉಳಿದ ಆರು ತಿಂಗಳು ತಾಯಿಯ ಬಳಿ ಇರಲಿ, ಖರ್ಚನ್ನು ಇಬ್ಬರೂ ಸಮನಾಗಿ ಹೊರಲಿ ಎಂದು ಆದೇಶಿಸಿತು. ಇಂಥ ಜಂಟಿ ಸುಪರ್ದಿಗೆ ಕಾನೂನಿನಲ್ಲಿ ಜಾಗ ಮಾಡಿಕೊಡಬೇಕೆಂದು ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಶಿಫಾರಸು ಮಾಡಿತು.

ಖರ್ಚಿನ ಲೆಕ್ಕ

ಸಂಬಳದ ಇಂತಿಷ್ಟು ಪಾಲು ಮಗುವಿಗೆ ಎಂಬ ಸಿದ್ಧ ಸೂತ್ರ ನಮ್ಮಲ್ಲಿಲ್ಲ. ಊಟ, ಬಟ್ಟೆ, ವಸತಿ, ಔಷಧ, ಶಾಲೆಯ ಶುಲ್ಕ ಇವನ್ನು ನೋಡಿ ಮೊತ್ತ ನಿಗದಿಯಾಗುತ್ತದೆ. ಆದಾಯವನ್ನು ಬಚ್ಚಿಡುವ ಚಾಳಿಗೆ ಕಡಿವಾಣ ಹಾಕಲು, ಇಬ್ಬರೂ ಆಸ್ತಿ, ಸಾಲ, ವರಮಾನಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ ವಿಧಿಸಿತು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು ಎಂದೂ ಹೇಳಿತು.

ಮಗುವಿನ ಶಿಕ್ಷಣದ ಖರ್ಚು ಸಾಮಾನ್ಯವಾಗಿ ತಂದೆಯದು. ತಾಯಿಗೂ ಸಾಕಷ್ಟು ಸಂಪಾದನೆ ಇದ್ದರೆ ವರಮಾನಕ್ಕೆ ತಕ್ಕಂತೆ ಅದನ್ನು ಹಂಚಬಹುದು. ಉದಾಹರಣೆಗೆ, ತಂದೆಗೆ ತಿಂಗಳಿಗೆ 60 ಸಾವಿರ, ತಾಯಿಗೆ 30 ಸಾವಿರ ಬರುತ್ತಿದ್ದು, ಮಗುವಿನ ಖರ್ಚು 12 ಸಾವಿರ ಎಂದುಕೊಳ್ಳೋಣ. ಆಗ ತಂದೆಯ ಪಾಲು 8 ಸಾವಿರ, ತಾಯಿಯದು 4 ಸಾವಿರ.

ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿದ್ದ ಪರಿಹಾರ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ. ಯಾವ ಧರ್ಮದವರಾದರೂ ಇದರಡಿ ಮಗುವಿಗೆ ಜೀವನಾಂಶ ಕೇಳಬಹುದು. ಸಾಕಷ್ಟು ಕಾರಣವಿಲ್ಲದೆ ಕೊಡದೆ ಉಳಿಸಿಕೊಂಡರೆ ಸೆರೆವಾಸವೂ ಕಾದಿದೆ.

ಯಾವ ಆದೇಶವೂ ಕಲ್ಲಿನ ಮೇಲಿನ ಬರಹವಲ್ಲ. ಮಗು ಬೆಳೆದಂತೆ, ಪರಿಸ್ಥಿತಿ ಬದಲಾದಂತೆ ಅರ್ಜಿ ಸಲ್ಲಿಸಿ ಅದನ್ನು ಬದಲಿಸಿಕೊಳ್ಳಬಹುದು. ಆದರೆ ಹಣ ಕೊಟ್ಟಿಲ್ಲವೆಂದು ಮಗುವನ್ನು ತೋರಿಸದಿರುವುದು, ತೋರಿಸಿಲ್ಲವೆಂದು ಹಣ ನಿಲ್ಲಿಸುವುದು ಎರಡೂ ತಪ್ಪು. ಅಲ್ಲಿ ಸೋಲುವುದು ಎದುರು ಕಕ್ಷಿಯಲ್ಲ. ಶನಿವಾರ ಅಪ್ಪ ಬರುತ್ತಾನೆಂದು ಹೊಸ ಬಟ್ಟೆ ತೊಟ್ಟು ಬಾಗಿಲಲ್ಲಿ ಕೂತ ಮಗು. ವಿಚ್ಛೇದನದಿಂದ ಗಂಡ ಹೆಂಡತಿ ಎಂಬ ಸಂಬಂಧ ಕೊನೆಗೊಳ್ಳುತ್ತದೆ. ಅಪ್ಪ ಅಮ್ಮ ಎಂಬ ಸಂಬಂಧವನ್ನು ಕೊನೆಗೊಳಿಸುವ ತೀರ್ಪನ್ನು ಯಾವ ಮಗುವೂ ಕೇಳುವುದಿಲ್ಲ.