ಆರು ಪೌಂಡಿನ ಬಾಗಿಲು

ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್‌ಷೈರ್ ಪ್ರಾಂತದಲ್ಲಿರುವ ಬ್ರಾಡ್‌ಫರ್ಡ್ ಸಿಟಿ ಫುಟ್‌ಬಾಲ್ ಕ್ಲಬ್ಬು 2001ರಿಂದ 2007ರವರೆಗಿನ ಆರೇ ವರ್ಷಗಳಲ್ಲಿ ಮೂರು ಬಾರಿ ಹಿಂಬಡ್ತಿಗೆ ಒಳಗಾಗಿ, ದೇಶದ ಅತ್ಯುನ್ನತ ಶ್ರೇಣಿಯಾದ ಪ್ರೀಮಿಯರ್ ಲೀಗ್‌ನಿಂದ ನಾಲ್ಕನೆಯ ಶ್ರೇಣಿಗೆ ಜಾರಿತು. ಹಿಂಬಡ್ತಿಯೆಂದರೆ ಋತುವಿನ ಕೊನೆಯಲ್ಲಿ ಅಂಕಪಟ್ಟಿಯ ತಳದಲ್ಲಿ ಉಳಿದ ತಂಡಗಳನ್ನು ಕೆಳಗಿನ ಶ್ರೇಣಿಗೆ ಇಳಿಸಿ, ಅಲ್ಲಿ ಗೆದ್ದವರನ್ನು ಮೇಲಕ್ಕೆ ತರುವ ಕ್ರಮ. ಹೀಗೆ ಇಳಿದ ತಂಡಕ್ಕೆ ಪ್ರತಿಷ್ಠೆಯ ಜೊತೆಗೆ ಟಿವಿ ಪ್ರಸಾರದ ಹಣವೂ ಕೈತಪ್ಪುತ್ತದೆ. ಇದೇ ಅವಧಿಯಲ್ಲಿ, 2002ರಲ್ಲಿ ಮತ್ತು 2004ರಲ್ಲಿ, ಸಾಲ ತೀರಿಸಲಾಗದ ಸಂಸ್ಥೆಯ ವ್ಯವಹಾರವನ್ನು ಹೊರಗಿನ ಆಡಳಿತಾಧಿಕಾರಿಗಳು ವಹಿಸಿಕೊಳ್ಳುವ ಸ್ಥಿತಿಗೂ ಕ್ಲಬ್ಬು ಬಂದಿತ್ತು. ಸುಮಾರು 25,000 ಆಸನಗಳ ವ್ಯಾಲಿ ಪೆರೇಡ್ ಕ್ರೀಡಾಂಗಣವನ್ನು ತುಂಬುವುದು ನಾಲ್ಕನೆಯ ಶ್ರೇಣಿಯ ತಂಡಕ್ಕೆ ಸಾಧಾರಣವಾಗಿ ಎಟುಕದ ಮಾತು.

ಬರಿದಾದ ಆಸನಗಳಲ್ಲಿ ಹೆಚ್ಚು ಚಿಂತೆಗೆ ಕಾರಣವಾಗಬೇಕಾದದ್ದು ಮಕ್ಕಳ ಗೈರುಹಾಜರಿ. ಹಿಂದಿನ ತಲೆಮಾರಿನ ಹುಡುಗರು ಚಿಲ್ಲರೆ ಕಾಸು ಕೊಟ್ಟು, ನಿಂತು ನೋಡುವ ಮೆಟ್ಟಿಲುಗಳಲ್ಲಿ ಜಾಗ ಹಿಡಿಯುತ್ತಿದ್ದರು. 1989ರಲ್ಲಿ ಶೆಫೀಲ್ಡ್‌ನ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ ನಡೆದ, ಒಟ್ಟು 97 ಜನರ ಸಾವಿಗೆ ಕಾರಣವಾದ ನೂಕುನುಗ್ಗಲು ದುರಂತದ ನಂತರ, ನ್ಯಾಯಮೂರ್ತಿ ಟೇಲರ್ ಅವರ ವರದಿಯಂತೆ ಮೇಲಿನ ಶ್ರೇಣಿಗಳ ಕ್ರೀಡಾಂಗಣಗಳಲ್ಲಿ ಎಲ್ಲರಿಗೂ ಆಸನ ಕಡ್ಡಾಯವಾಯಿತು. ಸುರಕ್ಷತೆಯ ದೃಷ್ಟಿಯಿಂದ ಇದು ಅಗತ್ಯವಾಗಿಯೇ ಇತ್ತು. ಆದರೆ 1992ರಲ್ಲಿ ಆರಂಭವಾದ ಪ್ರೀಮಿಯರ್ ಲೀಗ್‌ನ ವೈಭವದೊಂದಿಗೆ ಟಿಕೆಟ್ ದರವೂ ಏರುತ್ತಾ ಹೋಗಿ, ಸ್ವಂತ ಸಂಪಾದನೆಯಿಲ್ಲದ ವಯಸ್ಸಿನವರು ದೂರವಾದರು. ಮನೆಯ ಟಿವಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಆಡುತ್ತಿರುವಾಗ, ಸೋಲುವ ಊರಿನ ತಂಡಕ್ಕಾಗಿ ಹತ್ತು ವರ್ಷದ ಮಗು ಮನಸೋಲಬೇಕಾದರೆ ಅದನ್ನು ಯಾರಾದರೂ ಕೈಹಿಡಿದು ಕರೆದೊಯ್ಯಲೇಬೇಕು.

ಬ್ರಾಡ್‌ಫರ್ಡ್ ಸಿಟಿ ಇದನ್ನು ಅರಿತಂತೆ ನಡೆದುಕೊಂಡಿತು. 2007–08ರ ಋತುವಿಗೆ ವಯಸ್ಕರ ಸೀಸನ್ ಟಿಕೆಟ್, ಅಂದರೆ ತವರಿನ ಎಲ್ಲ ಲೀಗ್ ಪಂದ್ಯಗಳಿಗೆ ಒಟ್ಟಾಗಿ ಕೊಡುವ ಪ್ರವೇಶಪತ್ರ, 138 ಪೌಂಡುಗಳಿಂದ ದೊರೆಯುವಂತಾಯಿತು. 24 ತಂಡಗಳ ಆ ಶ್ರೇಣಿಯಲ್ಲಿ ತವರಿನ ಪಂದ್ಯಗಳು 23. ಭಾಗಿಸಿದರೆ ಪಂದ್ಯಕ್ಕೆ ಬೀಳುವುದು ಆರೇ ಪೌಂಡು. ತಂಡ ಹತ್ತನೆಯ ಸ್ಥಾನದಲ್ಲಿ ಮುಗಿಸಿದರೂ ಪ್ರೇಕ್ಷಕರ ಸರಾಸರಿ 13,000 ಮೀರಿತು. ಇಲ್ಲಿ ಗಮನಿಸಬೇಕಾದದ್ದು ರಿಯಾಯಿತಿಯ ಪ್ರಮಾಣಕ್ಕಿಂತ ಅದರ ಸ್ವರೂಪ. ಒಂದೆರಡು ಪಂದ್ಯಗಳಿಗೆ ಶಾಲಾ ಮಕ್ಕಳಿಗೆ ಬಿಟ್ಟಿ ಟಿಕೆಟ್ ಹಂಚಿದರೆ ಆ ದಿನದ ಗದ್ದಲ ಹೆಚ್ಚುತ್ತದೆ, ಮುಂದಿನ ಶನಿವಾರ ಆಸನಗಳು ಮತ್ತೆ ಖಾಲಿಯಾಗುತ್ತವೆ. ಇಡೀ ಋತುವಿನ ಟಿಕೆಟ್ ಮನೆಯಲ್ಲಿದ್ದರೆ ಮಳೆಯ ದಿನವೂ, ಸೋತ ವಾರದ ಮರುವಾರವೂ ತಂದೆತಾಯಿಯರು ಮಕ್ಕಳನ್ನು ಕಟ್ಟಿಕೊಂಡು ಹೊರಡುತ್ತಾರೆ. ಅದೇ ಆಸನ, ಅದೇ ಅಕ್ಕಪಕ್ಕದವರು, ಅದೇ ಕೂಗು: ಅಭಿಮಾನವೆಂಬುದು ಹೀಗೆ ರೂಢಿಯಿಂದ ಬೆಳೆಯುವ ಗುಣ.

ಆ ರೂಢಿಗೆ ಫಲವೂ ದೊರೆಯಿತು. 2012–13ರಲ್ಲಿ ಇನ್ನೂ ನಾಲ್ಕನೆಯ ಶ್ರೇಣಿಯಲ್ಲೇ ಇದ್ದ ತಂಡ, ನಾಲ್ಕೂ ಶ್ರೇಣಿಗಳ ತಂಡಗಳು ಸೆಣಸುವ ಲೀಗ್ ಕಪ್ಪಿನಲ್ಲಿ ಪ್ರೀಮಿಯರ್ ಲೀಗ್‌ನ ಆರ್ಸೆನಲ್ ಮತ್ತು ಆ್ಯಸ್ಟನ್ ವಿಲ್ಲಾ ತಂಡಗಳನ್ನು ಮಣಿಸಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದ ಅಂತಿಮ ಪಂದ್ಯ ತಲುಪಿತು. ಸ್ವಾನ್ಸಿ ಎದುರು 5–0 ಅಂತರದಿಂದ ಸೋಲುತ್ತಿದ್ದಾಗಲೂ ಅದರ ಬೆಂಬಲಿಗರು ಕೆಂಪು–ಹಳದಿ ಬಾವುಟಗಳನ್ನು ಬೀಸುತ್ತಲೇ ಇದ್ದರು. 2025ರ ಮೇ 3ರಂದು, ಫ್ಲೀಟ್‌ವುಡ್ ವಿರುದ್ಧ 96ನೆಯ ನಿಮಿಷದ ಗೋಲಿನಿಂದ ತಂಡ ಮೂರನೆಯ ಶ್ರೇಣಿಗೆ ಮತ್ತೆ ಬಡ್ತಿ ಪಡೆದಾಗ ವ್ಯಾಲಿ ಪೆರೇಡ್ ಕಿಕ್ಕಿರಿದಿತ್ತು. 2007ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಆ ಹೊತ್ತಿಗೆ ಇಪ್ಪತ್ತೆಂಟು.

ಆದರೂ ಅಗ್ಗದ ಟಿಕೆಟ್ ಎಲ್ಲ ಮನೆಗಳ ಬಾಗಿಲನ್ನೂ ತಟ್ಟಲಿಲ್ಲ. ಕ್ರೀಡಾಂಗಣವಿರುವ ಮ್ಯಾನಿಂಗ್‌ಹ್ಯಾಮ್ ಬಡಾವಣೆಯಲ್ಲಿ, ಒಂದು ಕಾಲಕ್ಕೆ ಉಣ್ಣೆಯ ಗಿರಣಿಗಳ ದುಡಿಮೆಗೆಂದು ಬಂದು ನೆಲೆಸಿದ ಪಾಕಿಸ್ತಾನಿ ಮತ್ತು ಬಾಂಗ್ಲಾದೇಶಿ ಮೂಲದ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿವೆ; ನಗರವೂ ಬ್ರಿಟನ್ನಿನ ಅತಿ ಎಳೆಯ ಜನಸಂಖ್ಯೆಯುಳ್ಳ ನಗರಗಳಲ್ಲೊಂದು. ಕ್ಲಬ್ಬಿಗೆ ಬೇಕಾದ ಎಳೆಯರು ಗೋಡೆಯಾಚೆಯ ಬೀದಿಗಳಲ್ಲೇ ಆಡುತ್ತಿದ್ದರೂ ಒಳಗಿನ ಆಸನಗಳಲ್ಲಿ ವಿರಳವಾಗಿದ್ದರು. ಇದಕ್ಕೆ ಕ್ರಿಕೆಟ್ಟಿನ ಸೆಳೆತವೊಂದೇ ಕಾರಣವೆಂದು ಹೇಳಿ ಮುಗಿಸುವುದು ಅನ್ಯಾಯ. 1970 ಮತ್ತು 80ರ ದಶಕಗಳಲ್ಲಿ ಇಂಗ್ಲೆಂಡಿನ ಕ್ರೀಡಾಂಗಣಗಳಲ್ಲಿ ಕೇಳಿಬರುತ್ತಿದ್ದ ಜನಾಂಗೀಯ ನಿಂದನೆಯ ನೆನಪು ಹಿರಿಯರಲ್ಲಿ ಉಳಿದಿತ್ತು, ಮತ್ತು ತಾನು ಹೋಗಲು ಅಂಜಿದ ಜಾಗಕ್ಕೆ ಯಾವ ತಂದೆಯೂ ಮಗನನ್ನು ಕರೆದೊಯ್ಯಲಾರ. ಫುಲ್‌ಹ್ಯಾಮ್ ಪರವಾಗಿ ಪ್ರೀಮಿಯರ್ ಲೀಗ್‌ನಲ್ಲಿ ಆಡಿದ್ದ ಪಾಕಿಸ್ತಾನಿ ಮೂಲದ ಆಟಗಾರ ಜೇಷ್ ರೆಹಮಾನ್ 2009ರಲ್ಲಿ ಈ ತಂಡಕ್ಕೆ ಬಂದಾಗ, ಬಡಾವಣೆಯ ಹುಡುಗರು ತಮ್ಮಂತಹ ಮುಖವೊಂದನ್ನು ಮೈದಾನದ ಮೇಲೆಯೇ ಕಾಣುವಂತಾಯಿತು. ಮುಂದೆ ಮ್ಯಾನಿಂಗ್‌ಹ್ಯಾಮ್‌ನಲ್ಲಿ ‘ಬಾಂಗ್ಲಾ ಬ್ಯಾಂಟಮ್ಸ್’ ಎಂಬ ಬೆಂಬಲಿಗರ ಗುಂಪು ಹುಟ್ಟಿಕೊಂಡಿತು. ಬ್ಯಾಂಟಮ್, ಅಂದರೆ ಗಿಡ್ಡ ತಳಿಯ ಹುಂಜ, ತಂಡದ ಅಡ್ಡಹೆಸರು. ಈ ಗುಂಪಿನೊಂದಿಗೆ ಪಂದ್ಯಕ್ಕೆ ಬರತೊಡಗಿದವರಲ್ಲಿ ಬಾಂಗ್ಲಾದೇಶಿ ಮೂಲದ ಮಹಿಳೆಯರೇ ಮುಖ್ಯರು, ಮತ್ತು ಅಲ್ಲಿಯವರೆಗೆ ಶನಿವಾರದ ಮಧ್ಯಾಹ್ನಗಳಲ್ಲಿ ಮನೆಯ ಕಿಟಕಿಯಿಂದಷ್ಟೇ ಕೇಳಿಬರುತ್ತಿದ್ದ ಗೋಲಿನ ಕೂಗಿನಲ್ಲಿ ಈಗ ಅವರ ದನಿಯೂ ಸೇರಿದೆ.