ಮದ್ದುಸೊಪ್ಪಿನ ಅರಿವು ಮತ್ತು ಔಷಧ ಕಂಪನಿಗಳ ಅಮೂರ್ತ ಆಸ್ತಿ

ಕೊಡಗಿನಲ್ಲಿ ಕಕ್ಕಡ ಮಾಸದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದುಸೊಪ್ಪಿನ ರಸದಿಂದ ಪಾಯಸ, ಪುಟ್ಟುಗಳನ್ನು ಮಾಡಿ ಉಣ್ಣುವ ವಾಡಿಕೆಯಿದೆ. ಸಸ್ಯಶಾಸ್ತ್ರವು ಜಸ್ಟೀಸಿಯಾ ವೈನಾಡೆನ್ಸಿಸ್ ಎಂದು ಗುರುತಿಸುವ ಈ ಗಿಡದಲ್ಲಿ ಅಂದು ಹದಿನೆಂಟು ಬಗೆಯ ಔಷಧಗುಣಗಳು ನೆಲೆಸುತ್ತವೆ ಎಂಬುದು ಜನರ ನಂಬಿಕೆ. ಯಾವ ದಿನ ಕೊಯ್ಯಬೇಕು, ನೇರಳೆ ಬಣ್ಣ ಬಿಡುವಂತೆ ಹೇಗೆ ಕುದಿಸಬೇಕು ಎಂಬ ಅರಿವು ಅಡುಗೆಮನೆಗಳಲ್ಲಿ ಬಾಯಿಮಾತಿನಲ್ಲೇ ಸಾಗಿಬಂದಿದೆ. ಇದನ್ನು ಜಾನಪದ ಅಧ್ಯಯನವು ಸಂಪತ್ತು ಎನ್ನುತ್ತದೆ. ಔಷಧ ಕಂಪನಿಗಳ ಲೆಕ್ಕಪತ್ರಗಳಲ್ಲಿಯೂ ಅರಿವನ್ನು ಸಂಪತ್ತೆಂದು ದಾಖಲಿಸುವ ಅಂಕಣವೊಂದಿದೆ. ಈ ಎರಡರ ನಡುವಣ ಅಂತರವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಬ್ಯಾಲೆನ್ಸ್ ಶೀಟ್ ಎಂದು ರೂಢಿಯಲ್ಲಿರುವ ಅಢಾವೆ ಪತ್ರಿಕೆಯು ನಿರ್ದಿಷ್ಟ ದಿನದಂದು ಕಂಪನಿಗಿರುವ ಆಸ್ತಿ ಮತ್ತು ಹೊಣೆಗಳನ್ನು ತೋರಿಸುತ್ತದೆ. ಪೇಟೆಂಟ್, ಲೈಸೆನ್ಸ್, ವ್ಯಾಪಾರಮುದ್ರೆ ಮೊದಲಾದ, ಭೌತರೂಪವಿಲ್ಲದ ಸ್ವತ್ತುಗಳು ಅದರಲ್ಲಿ ಅಮೂರ್ತ ಆಸ್ತಿಗಳೆನಿಸುತ್ತವೆ. ಭಾರತದಲ್ಲಿ 2003ರಿಂದ ಲೆಕ್ಕಮಾನದಂಡ 26, ದೊಡ್ಡ ಕಂಪನಿಗಳಿಗೆ 2016ರಿಂದ ಭಾರತೀಯ ಲೆಕ್ಕಮಾನದಂಡ 38 ಇವುಗಳ ನಿಯಮವನ್ನು ಹೇಳುತ್ತವೆ. ಸ್ವತ್ತನ್ನು ಪ್ರತ್ಯೇಕವಾಗಿ ಗುರುತಿಸುವಂತಿರಬೇಕು. ಅದು ಕಂಪನಿಯ ಹತೋಟಿಯಲ್ಲಿರಬೇಕು. ಮುಂದೆ ಲಾಭ ತರುವಂತಿರಬೇಕು. ಅದರ ವೆಚ್ಚವನ್ನು ಖಚಿತವಾಗಿ ಅಳೆಯುವಂತಿರಬೇಕು. ಸಂಶೋಧನಾ ಹಂತದ ವೆಚ್ಚವನ್ನು ಆಯಾ ವರ್ಷದ ಖರ್ಚಿಗೇ ಹಾಕಬೇಕು. ಕಂಪನಿ ತಾನೇ ಬೆಳೆಸಿದ ಬ್ರ್ಯಾಂಡಿನ ಹೆಸರಿಗೂ ಇಲ್ಲಿ ಸ್ಥಾನವಿಲ್ಲ. ಅದನ್ನೇ ಮತ್ತೊಬ್ಬರಿಂದ ಕೊಂಡರೆ ಸ್ಥಾನವುಂಟು. 2022ರ ನವೆಂಬರಿನಲ್ಲಿ ಬೆಂಗಳೂರಿನ ಬಯೋಕಾನ್ ಬಯಾಲಜಿಕ್ಸ್ ಸಂಸ್ಥೆಯು ವಿಯಾಟ್ರಿಸ್ ಕಂಪನಿಯ ಬಯೋಸಿಮಿಲರ್ ವ್ಯವಹಾರವನ್ನು ಕೊಂಡಾಗ, ಗುಡ್‌ವಿಲ್ ಹಾಗೂ ಇತರ ಅಮೂರ್ತ ಆಸ್ತಿಗಳು ದೊಡ್ಡ ಮೊತ್ತದಲ್ಲಿ ಅದರ ಲೆಕ್ಕಕ್ಕೆ ಸೇರಿದವು. ಆದ್ದರಿಂದ ಈ ಅಂಕಣವು ಮುಖ್ಯವಾಗಿ ತೆತ್ತ ಬೆಲೆಯನ್ನು ಹೇಳುತ್ತದೆಯೇ ಹೊರತು ಅರಿವಿನ ಹಿರಿಮೆಯನ್ನಲ್ಲ.

ಜನಪದ ಅರಿವು ಈ ಅಂಕಣದ ಸಮೀಪಕ್ಕೆ ಬಂದ ಪ್ರಸಂಗವೊಂದು ನೆರೆಯ ಕೇರಳದಲ್ಲಿದೆ. ಅಗಸ್ತ್ಯಮಲೆಯ ಕಾಣಿ ಬುಡಕಟ್ಟಿನವರು ದಣಿವಾರಿಸಲು ತಿನ್ನುತ್ತಿದ್ದ ಆರೋಗ್ಯಪಚ್ಚೆಯ ಗುಣವನ್ನು 1987ರಲ್ಲಿ ವಿಜ್ಞಾನಿಗಳು ಅವರಿಂದಲೇ ಅರಿತರು. ತಿರುವನಂತಪುರದ ಉಷ್ಣವಲಯ ಸಸ್ಯೋದ್ಯಾನ ಸಂಸ್ಥೆಯು ಅದರಿಂದ 'ಜೀವನಿ' ಎಂಬ ಔಷಧವನ್ನು ರೂಪಿಸಿ, ಅದರ ತಯಾರಿಕೆಯ ಲೈಸೆನ್ಸನ್ನು 1995ರಲ್ಲಿ ಕೊಯಮತ್ತೂರಿನ ಆರ್ಯವೈದ್ಯ ಫಾರ್ಮಸಿಗೆ ನೀಡಿತು. ಶುಲ್ಕ 10 ಲಕ್ಷ ರೂಪಾಯಿ, ಮಾರಾಟದ ಮೇಲೆ ಶೇ. 2ರ ಗೌರವಧನ, ಇವೆರಡರ ಅರ್ಧಭಾಗ ಕಾಣಿ ಜನರಿಗೆಂದು ಗೊತ್ತುಪಡಿಸಲಾಯಿತು. ಇಂದಿನ ಮಾನದಂಡದಂತೆ ಇಂತಹ ಲೈಸೆನ್ಸ್ ಶುಲ್ಕವು ಕಂಪನಿಗೆ ಅಮೂರ್ತ ಆಸ್ತಿಯಾಗಬಲ್ಲದು. ಅದಕ್ಕೆ ಮೂಲವಾದ ಕಾಡಿನ ಅರಿವು ಮಾತ್ರ ಯಾರ ಲೆಕ್ಕದಲ್ಲಿಯೂ ಆಸ್ತಿಯಲ್ಲ.

ಮದ್ದುಸೊಪ್ಪನ್ನು ಇದೇ ಒರೆಗೆ ಹಚ್ಚಿದರೆ ಕಾರಣ ಸ್ಪಷ್ಟವಾಗುತ್ತದೆ. ಕೊಡಗಿನ ಮನೆಮನೆಗೂ ತಿಳಿದದ್ದು ಒಬ್ಬರ ಹತೋಟಿಯಲ್ಲಿಲ್ಲ; ತಲೆಮಾರುಗಳ ಪ್ರಯೋಗಕ್ಕೆ ತಗಲಿದ ವೆಚ್ಚವನ್ನು ಯಾರೂ ಬರೆದಿಟ್ಟಿಲ್ಲ. ಹಂಚಿಕೊಳ್ಳುವುದೇ ಜನಪದ ಅರಿವಿನ ಜೀವ. ಇತರರನ್ನು ಹೊರಗಿಡುವ ಶಕ್ತಿಯೇ ಲೆಕ್ಕಶಾಸ್ತ್ರದ ಆಸ್ತಿಯ ಲಕ್ಷಣ. ಲೆಕ್ಕದಲ್ಲಿ ಇದರ ಬೆಲೆ ಶೂನ್ಯವಾಗುವುದು ಲೆಕ್ಕಿಗನ ತಪ್ಪಲ್ಲ, ವ್ಯಾಖ್ಯೆಯ ಫಲ. ಆ ಶೂನ್ಯವನ್ನು ನಿರರ್ಥಕತೆಯೆಂದು ಓದುವುದು ಮಾತ್ರ ತಪ್ಪು.

ಇಲ್ಲಿ ಜಾನಪದ ಸಂಶೋಧಕರ ಹೊಣೆಯೂ ಬರುತ್ತದೆ. ಪಾರಂಪರಿಕ ಜ್ಞಾನವನ್ನೇ ಹೊಸ ಶೋಧವೆಂದು ಹೇಳಿ ಪೇಟೆಂಟ್ ಪಡೆಯುವುದಕ್ಕೆ ನಮ್ಮ ಪೇಟೆಂಟ್ ಕಾಯಿದೆಯ 3(ಪಿ) ಕಲಮು ಅಡ್ಡಿಯಾಗಿದೆ; ಆ ಅಡ್ಡಿಗೆ ದಾಖಲೆಯ ಬಲ ಬೇಕು. 2002ರ ಜೀವವೈವಿಧ್ಯ ಕಾಯಿದೆಯು ಸಮುದಾಯಗಳಿಗೆ ಲಾಭದಲ್ಲಿ ಪಾಲನ್ನು ಕಲ್ಪಿಸಿತು. 2023ರ ತಿದ್ದುಪಡಿಯು ಗ್ರಂಥಸ್ಥ ವೈದ್ಯಜ್ಞಾನದ ಬಳಕೆಗೆ ಇದರಿಂದ ವಿನಾಯಿತಿ ನೀಡಿರುವುದರಿಂದ, ಮೌಖಿಕ ಜ್ಞಾನವು ಯಾವ ಊರಿನದು, ಯಾರದು ಎಂಬ ಗುರುತು ಇನ್ನಷ್ಟು ಮುಖ್ಯವಾಗಿದೆ. ಆದರೆ ಪ್ರಕಟವಾದದ್ದು ಎಲ್ಲರ ಕೈಗೂ ಸಿಗುತ್ತದೆ, ಮರಳಿ ಗುಟ್ಟಾಗದು. ಆದಕಾರಣ ಹೇಳಿದವರ ಒಪ್ಪಿಗೆ, ಸ್ಥಳ, ದಿನಾಂಕಗಳನ್ನು ದಾಖಲಿಸುವುದು, ಗ್ರಾಮಮಟ್ಟದ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಅದನ್ನು ಸೇರಿಸುವುದು, ಯಾವುದನ್ನು ಅಚ್ಚು ಮಾಡಬಾರದೆಂಬುದನ್ನು ಸಮುದಾಯದವರನ್ನೇ ಕೇಳುವುದು ಕ್ಷೇತ್ರಕಾರ್ಯದ ಅಂಗವಾಗಬೇಕು. ಅಢಾವೆ ಪತ್ರಿಕೆಯಲ್ಲಿ ಎಡೆಯಿಲ್ಲದ ಈ ಸಂಪತ್ತಿಗೆ ಸದ್ಯಕ್ಕೆ ಇಂತಹ ದಾಖಲೆಯೇ ಲೆಕ್ಕಪುಸ್ತಕ.